ಮಿಸ್ ಯಾವ ಕಡೆ?

ಜೂನ್ 14

ಅಕ್ಕ,

ಫೋನಿನಲ್ಲಿ ಮಾತಾಡಿದರೆ ನಾವಿಬ್ಬರೂ ಮೂರನೇ ನಿಮಿಷಕ್ಕೆ ಜಗಳಕ್ಕೆ ಬೀಳುತ್ತೇವೆ. ಕಾಗದವಾದರೆ ಅರ್ಧ ಸಿಟ್ಟು ಅಂಚೆಯ ದಾರಿಯಲ್ಲೇ ಆರಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಈ ವರ್ಷ ಹತ್ತನೇ ತರಗತಿ ‘ಬಿ’ ವಿಭಾಗದ ಸಮಾಜ ಪಾಠ ನನ್ನ ಪಾಲಿಗೆ ಬಂದಿದೆ. ನಲವತ್ತೊಂದು ಮಕ್ಕಳು. ಅರ್ಧದಷ್ಟು ಮಕ್ಕಳ ಅಪ್ಪಂದಿರು ಇಲ್ಲಿನ ಟೈರ್ ಕಾರ್ಖಾನೆಯ ಹಳೆಯ ಕೆಲಸಗಾರರು. ಉಳಿದವರ ಅಪ್ಪಂದಿರು ಅದೇ ಕಾರ್ಖಾನೆಗೆ ಗುತ್ತಿಗೆಯ ಮೇಲೆ ಹೊರಗಿನಿಂದ ಬಂದವರು. ‘ಸ್ಥಳೀಯರಿಗೇ ಮೊದಲ ಕೆಲಸ’ ಅನ್ನುವ ಮಸೂದೆ ವಿಧಾನಸಭೆಯ ಮುಂದೆ ಬಂದಿದೆಯಲ್ಲ, ಅವತ್ತಿನಿಂದ ಈ ಊರಿನಲ್ಲಿ ಪೋಸ್ಟರ್ ಇಲ್ಲದ ಗೋಡೆ ಇಲ್ಲ, ಬಾಯಿ ಮುಚ್ಚಿಕೊಂಡ ಮನುಷ್ಯ ಇಲ್ಲ.

ಸೋಮವಾರ ತರಗತಿಗೆ ಹೋದರೆ ಕಪ್ಪುಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಬಂದವರು ಬಂದ ದಾರಿ ಹಿಡೀರಿ’ ಅಂತ ಬರೆದಿತ್ತು. ಹೊರಗಿನಿಂದ ಬಂದವರ ಮಕ್ಕಳೆಲ್ಲ ಹೇಳದೆ ಕೇಳದೆ ಹಿಂದಿನ ಬೆಂಚುಗಳಿಗೆ ಹೋಗಿ ಕೂತಿದ್ದರು. ಮಧ್ಯದ ಒಂದು ಸಾಲು ಪೂರ್ತಿ ಖಾಲಿ. ನಾನು ಸುಮ್ಮನೆ ಒರೆಸಿ, ಶಾಸಕಾಂಗದ ರಚನೆ ಅಂತ ಶುರುಮಾಡಿದೆ. ಮೆಣಸಿನಕಾಯಿ ಎದ್ದು ನಿಂತಳು. ಯೂನಿಯನ್ ಕಾರ್ಯದರ್ಶಿಯ ಮಗಳು. ಬಾಯಿ ಬಿಟ್ಟರೆ ಖಾರ, ಅದಕ್ಕೇ ಮಕ್ಕಳು ಇಟ್ಟ ಹೆಸರು. “ಮಿಸ್, ಶಾಸಕಾಂಗ ಆಮೇಲೆ ಆಗ್ಲಿ. ನೀವು ಯಾವ ಕಡೆ, ಅದು ಹೇಳಿ” ಅಂದಳು.

ನಾನು ಹೇಳಲಿಲ್ಲ. ಪಾಠದ ಪುಸ್ತಕವನ್ನೂ ಮುಚ್ಚಿಟ್ಟೆ. ವಾರಕ್ಕೆ ಎರಡು ತಾಸು ಈ ಮಸೂದೆಯ ಬಗ್ಗೆಯೇ ಮಾತಾಡೋಣ ಅಂದೆ. ಒಂದೇ ನಿಯಮ ಇಟ್ಟಿದ್ದೇನೆ: ನಿನ್ನ ಮಾತು ಹೇಳುವ ಮೊದಲು ಎದುರಿನವರ ಮಾತನ್ನು ನೀನೇ ಹೇಳಬೇಕು. ಎದುರಿನವರು “ಹೌದು, ನಾನು ಹೇಳೋದು ಇದೇ” ಅನ್ನುವವರೆಗೂ ನಿನ್ನ ಸರದಿ ಇಲ್ಲ.

ನೀನು ಶಿಕ್ಷಣ ಇಲಾಖೆಯ ಮುಖ್ಯ ಕಚೇರಿಯಲ್ಲೇ ಇದ್ದೀಯಲ್ಲ, ಇದಕ್ಕೆ ಅಡ್ಡಿಯಾಗುವ ಆದೇಶ ಏನಾದರೂ ಉಂಟಾ?

ನಿನ್ನ ತಂಗಿ


ಜೂನ್ 23

ಪುಟ್ಟಿ,

ಕಾಗದ ಸೇರಿತು. ಇಲ್ಲಿ ಎಲ್ಲರೂ ಕ್ಷೇಮ. ಕಚೇರಿಯ ಲಿಫ್ಟ್ ಕೆಟ್ಟು ಹದಿನೈದು ದಿನ ಆಯಿತು, ನಾಲ್ಕನೇ ಮಹಡಿಗೆ ದಿನಕ್ಕೆ ಮೂರು ಸಲ ಹತ್ತಿ ಇಳಿಯುತ್ತಿದ್ದೇನೆ. ನಿನ್ನ ಭಾವ ಇದನ್ನೇ ವ್ಯಾಯಾಮ ಅನ್ನುತ್ತಾರೆ. ಅವರ ಆಫೀಸು ನೆಲಮಹಡಿಯಲ್ಲಿದೆ.

ನೀನು ಕೇಳಿದ ವಿಷಯ. ಈ ಹೊತ್ತಿಗೆ ಅಂಥ ಆದೇಶವೇನೂ ಹೊರಬಿದ್ದಿಲ್ಲ. ಆದರೂ ಜುಲೈ ಕಳೆಯುವವರೆಗೆ ನಿಲ್ಲಿಸಿಬಿಡು. ಪರೀಕ್ಷೆಗೆ ಬರುವುದನ್ನು ಪಾಠ ಮಾಡು. ಹೊತ್ತಿಕೊಂಡಿರುವ ಕೆಂಡವನ್ನು ನೀನೇ ಹೋಗಿ ಮಡಿಲಿಗೆ ಕಟ್ಟಿಕೊಳ್ಳುವುದು ಯಾಕೆ? ಮಕ್ಕಳು ಮನೆಗೆ ಹೋಗಿ ಏನು ಹೇಳುತ್ತಾರೋ, ಅಪ್ಪಂದಿರು ಏನು ಕೇಳಿಸಿಕೊಳ್ಳುತ್ತಾರೋ, ಎರಡಕ್ಕೂ ಸಂಬಂಧ ಇರುವುದಿಲ್ಲ.

ಇದಕ್ಕಿಂತ ಹೆಚ್ಚು ಬರೆಯಲಾರೆ. ಹೇಳಿದ್ದು ಕೇಳು.

ಅಕ್ಕ


ಜುಲೈ 3

ಅಕ್ಕ,

“ಇದಕ್ಕಿಂತ ಹೆಚ್ಚು ಬರೆಯಲಾರೆ” ಅಂತೆ! ನಿನ್ನ ಕಾಗದ ಓದಿದರೆ ಅಕ್ಕ ಬರೆದ ಹಾಗಿಲ್ಲ, ಇಲಾಖೆ ಬರೆದ ಹಾಗಿದೆ. ಹತ್ತೊಂಬತ್ತು ವರ್ಷ ಫೈಲಿನ ಧೂಳು ಕುಡಿದು ನಿನ್ನ ಗಂಟಲು ಕಟ್ಟಿಹೋಗಿದೆ. ಕಾಲೇಜಿನಲ್ಲಿ ಫೀಸು ಏರಿಸಿದಾಗ ಗೇಟಿನ ಮೇಲೆ ಹತ್ತಿ ಕೂತವಳು ನೀನೇ ತಾನೇ?

ಇರಲಿ. ನಿನ್ನೆ ಏನಾಯಿತು ಕೇಳು.

ಹಿಂದಿನ ಬೆಂಚಿನಲ್ಲಿ ಮೌನಿ ಅಂತ ಒಬ್ಬಳಿದ್ದಾಳೆ. ಗುತ್ತಿಗೆ ಕೆಲಸಗಾರನ ಮಗಳು. ಅವಳ ಉಚ್ಚಾರಣೆ ಕೇಳಿ ಒಂದು ಸಲ ಯಾರೋ ನಕ್ಕರು, ಆಮೇಲೆ ಎರಡು ವರ್ಷ ಅವಳು ತರಗತಿಯಲ್ಲಿ ಬಾಯಿ ಬಿಟ್ಟಿಲ್ಲ. ಹಾಜರಿಗೂ ಕೈ ಎತ್ತುತ್ತಾಳೆ, ಅಷ್ಟೇ. ಮೆಣಸಿನಕಾಯಿ ಅವಳ ಪರವಾಗಿ ಹೇಳಬೇಕಾಗಿತ್ತು. “ಇಲ್ಲಿ ಎಲ್ಲಾ ಸುಲಭವಾಗಿ ಸಿಗುತ್ತೆ ಅಂತ ಬಂದಿದಾರೆ” ಅಂದಳು. ಮೌನಿ ತಲೆ ಅಡ್ಡ ಆಡಿಸಿದಳು. “ನಮ್ಮವರಿಗಿಂತ ಚೆನ್ನಾಗಿ ಕೆಲಸ ಮಾಡ್ತೀವಿ ಅಂತ ಜಂಬ.” ಅದಕ್ಕೂ ಅಡ್ಡ. “ಅವರೂರಲ್ಲಿ ಏನೂ ಇಲ್ಲ, ಬರೀ ಬಂಡೆ.” ಇಡೀ ತರಗತಿ ನಕ್ಕಿತು, ಮೌನಿಯೂ ನಕ್ಕಳು, ತಲೆ ಮಾತ್ರ ಅಡ್ಡವೇ ಆಡಿತು. ಐದು ಸಲ ಸೋತ ಮೇಲೆ ಮೆಣಸಿನಕಾಯಿಗೆ ರೇಗಿಹೋಯಿತು. ಬೆಂಚು ದಾಟಿ, ಆ ಖಾಲಿ ಸಾಲು ದಾಟಿ, ಅವಳ ಮುಂದೆ ಹೋಗಿ ನಿಂತು, “ಮತ್ತೆ ನೀನೇ ಹೇಳೇ! ಯಾಕೆ ಬಂದ್ರಿ?” ಅಂದಳು.

ಅಕ್ಕ, ಆ ಪ್ರಶ್ನೆಯನ್ನು ಆ ಹುಡುಗಿಗೆ ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಬೈದಿದ್ದರು, ಅಯ್ಯೋ ಪಾಪ ಅಂದಿದ್ದರು, ಕೇಳಿರಲಿಲ್ಲ. ಮೌನಿ ಎದ್ದು ನಿಂತು ಒಂದೇ ಸಮ ನಾಲ್ಕು ನಿಮಿಷ ಮಾತಾಡಿದಳು. ಒಬ್ಬರೂ ನಗಲಿಲ್ಲ. ಆರನೇ ಸಲ ಮೆಣಸಿನಕಾಯಿ ಅದನ್ನೆಲ್ಲ ತನ್ನ ಬಾಯಲ್ಲಿ ಹೇಳಿ, “ಸರೀನಾ?” ಅಂತ ಕೇಳಿದಳು. “ಹೌದು, ನಾನು ಹೇಳೋದು ಇದೇ” ಅಂದಳು ಮೌನಿ. ಆಮೇಲೆ ಮೆಣಸಿನಕಾಯಿ ತನ್ನ ಸರದಿ ಬಂದ ಕೂಡಲೇ ಮಸೂದೆಯ ಪರ ಮೊದಲಿಗಿಂತ ಜೋರಾಗಿ ವಾದ ಮಾಡಿದಳು ಅನ್ನು! ನನಗೆ ಅದೇ ಖುಷಿ.

ಇಲ್ಲಿ ಎಲ್ಲ ಸರಾಗವಾಗಿ ನಡೆದಿದೆ. ನೀನು ಹೆದರಬೇಡ.

ತಂಗಿ


ಜುಲೈ 19

ಅಕ್ಕ,

ನಿನ್ನ ಉತ್ತರ ಬರಲಿಲ್ಲ. ಬದಲಿಗೆ ಸುತ್ತೋಲೆ ಬಂತು.

‘ವಿವಾದಾತ್ಮಕ ರಾಜಕೀಯ ವಿಷಯಗಳನ್ನು ತರಗತಿಗಳಲ್ಲಿ ಚರ್ಚಿಸತಕ್ಕದ್ದಲ್ಲ; ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು.’ ಹೆಡ್‌ಮಾಸ್ಟರು ಸ್ಟಾಫ್‌ರೂಮಿನಲ್ಲಿ ಎರಡು ಸಲ ಓದಿದರು, ಎರಡನೇ ಸಲ ನನ್ನ ಮುಖ ನೋಡಿಕೊಂಡು. ಆಮೇಲೆ ನಾನೇ ಇಸಿದುಕೊಂಡು ಓದಿದೆ. ಒಂದು ಕಾಗುಣಿತ ತಪ್ಪಿಲ್ಲ. ಅರ್ಧವಿರಾಮ ಎಲ್ಲಿ ಬರಬೇಕೋ ಅಲ್ಲೇ ಇದೆ. ಇಲಾಖೆಯಲ್ಲಿ ಅರ್ಧವಿರಾಮ ಹಾಕುವವರು ಎಷ್ಟು ಜನ ಇದ್ದಾರೆ ಅಕ್ಕ? ನನ್ನ ಏಳನೇ ಕ್ಲಾಸಿನ ಪ್ರಬಂಧದಲ್ಲಿ ಕೆಂಪು ಶಾಯಿಯಿಂದ ಅದನ್ನು ಹಾಕಿ ಕಲಿಸಿದವಳು ಯಾರು?

ನೀನೇ ಬರೆದದ್ದಾ? ಹೌದು ಅಥವಾ ಇಲ್ಲ ಅನ್ನು, ಸಾಕು.

ನಾನೂ ಒಂದು ಮುಚ್ಚಿಟ್ಟಿದ್ದೆ. ಹೋದ ಸಲ ಎಲ್ಲ ಸರಾಗ ಅಂತ ಬರೆದೆನಲ್ಲ, ಆ ಹೊತ್ತಿಗಾಗಲೇ ನನ್ನ ಮೇಲೆ ದೂರು ಹೋಗಿತ್ತು. ಕೊಟ್ಟವರು ಮೆಣಸಿನಕಾಯಿಯ ಅಪ್ಪ. ಮಗಳು ಕನ್ನಡಿಯ ಮುಂದೆ ನಿಂತು ಹೊರಗಿನವರ ಪರ ವಾದ ಮಾಡುವುದು ಅವರ ಕಿವಿಗೆ ಬಿದ್ದಿದೆ. ಮರುದಿನದ ತರಗತಿಗೆ ಅಭ್ಯಾಸ ಮಾಡುತ್ತಿದ್ದಾಳೆ ಅಂತ ಅವರಿಗೇನು ಗೊತ್ತು! ‘ಶಿಕ್ಷಕಿ ಮಕ್ಕಳ ತಲೆ ಕೆಡಿಸುತ್ತಿದ್ದಾರೆ’ ಅಂತ ಬರೆದುಕೊಟ್ಟರು. ಈಗ ಕಾರಣ ಕೇಳಿ ನೋಟಿಸು ಬಂದಿದೆ. ಆಗಸ್ಟ್ ಆರಕ್ಕೆ ವಿಚಾರಣೆ. ನಿನ್ನ ಸುತ್ತೋಲೆಯನ್ನೇ ಮೊದಲನೇ ಸಾಲಿನಲ್ಲಿ ಉಲ್ಲೇಖ ಮಾಡಿದ್ದಾರೆ.

ತಂಗಿ


ಜುಲೈ 25

ಪುಟ್ಟಿ,

ಹೌದು.

ನಿನ್ನ ಮೊದಲ ಕಾಗದ ಬಂದ ದಿನ ಆ ಕರಡು ನನ್ನ ಮೇಜಿನ ಮೇಲೆಯೇ ಇತ್ತು. ಎಲ್ಲೋ ಒಂದು ಶಾಲೆಯಲ್ಲಿ ಮೇಷ್ಟ್ರೊಬ್ಬರು ಮಕ್ಕಳ ಕೈಗೆ ಪಕ್ಷದ ಬಾವುಟ ಕೊಟ್ಟು ಬೀದಿಗೆ ಇಳಿಸಿದ್ದರು. ಅದನ್ನು ತಡೆಯಲು ಒಂದು ಸುತ್ತೋಲೆ ಬೇಕು ಅಂದರು ಉಪನಿರ್ದೇಶಕರು. ನಾನು ಬರೆದದ್ದು ‘ಪಕ್ಷ ವಹಿಸಿ ಬೋಧಿಸತಕ್ಕದ್ದಲ್ಲ’ ಅಂತ. ಅವರು ‘ಪಕ್ಷ ವಹಿಸಿ’ ಅನ್ನುವುದನ್ನು ಹೊಡೆದು, ‘ಬೋಧಿಸ’ ಇದ್ದಲ್ಲಿ ‘ಚರ್ಚಿಸ’ ಅಂತ ತಿದ್ದಿದರು. “ಚಿಕ್ಕದಾಗಿದ್ರೆ ಓದೋರಿಗೆ ಸುಲಭ ಕಣಮ್ಮ” ಅಂದರು. ಎರಡು ಪದ ಹೋದವು, ಒಂದು ಬದಲಾಯಿತು. ನಾನು ತಿದ್ದಿದ ಪ್ರತಿಗೆ ಸಹಿ ಹಾಕಿ ಕಳಿಸಿದೆ. ಅದರಿಂದ ಎಂಥದ್ದು ಹೋಯಿತು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಹಾಕಿದೆ.

ಸೆಪ್ಟೆಂಬರಿನಲ್ಲಿ ಅಧೀಕ್ಷಕರ ಬಡ್ತಿ ಪಟ್ಟಿ ಬರುತ್ತದೆ, ಈ ಸಲ ನನ್ನದೇ ಸರದಿ. ಅದನ್ನೂ ನಿನಗೆ ಹೇಳಿರಲಿಲ್ಲ. ಗೇಟಿನ ಮೇಲೆ ಹತ್ತಿದವಳ ವಿಷಯ ಎತ್ತಿದೆಯಲ್ಲ. ಅವಳಿಗೆ ಆಗ ಮನೆ ಬಾಡಿಗೆ ಇರಲಿಲ್ಲ, ಮಗಳ ಕಾಲೇಜೂ ಇರಲಿಲ್ಲ.

ಹಾವೂ ಸಾಯಬಾರದು ಕೋಲೂ ಮುರಿಯಬಾರದು. ‘ಅರಿಯದೆ ಆದ ತಪ್ಪು, ಮುಂದೆ ಆಗದು’ ಅಂತ ಒಂದು ಸಾಲು ಬರೆದುಕೊಡು. ಎಚ್ಚರಿಕೆ ಕೊಟ್ಟು ಬಿಡುತ್ತಾರೆ. ನನಗೋಸ್ಕರ ಅಂತಲಾದರೂ ಬರೆ.

ಅಕ್ಕ


ಜುಲೈ 30

ಅಕ್ಕ,

ಬರೆದುಕೊಡುವುದಿಲ್ಲ. ಅರಿತೇ ಮಾಡಿದ್ದು, ತಪ್ಪೂ ಅಲ್ಲ.

ನಿನ್ನ ಮೇಲೆ ಸಿಟ್ಟಿದೆ. ಆದರೆ ನೀನು ‘ಹೌದು’ ಅಂತ ಒಂದೇ ಪದದಲ್ಲಿ ಒಪ್ಪಿಕೊಂಡದ್ದನ್ನು ಹತ್ತು ಸಲ ಓದಿದೆ. ಅಕ್ಕನ ಕಾಗದ ಅಂದರೆ ಅದು.

ಇಲ್ಲಿ ನಾನೀಗ ಪುಸ್ತಕದಲ್ಲಿದ್ದಷ್ಟೇ ಓದಿ ಮುಗಿಸುತ್ತೇನೆ. ತರಗತಿ ಗೋಡೆ ಇದ್ದ ಹಾಗಿದೆ. ಆದರೆ ಊಟದ ಬಿಡುವಿನಲ್ಲಿ ನೀರಿನ ಟ್ಯಾಂಕಿನ ನೆರಳಿನಲ್ಲಿ ನಲವತ್ತೊಂದು ಮಕ್ಕಳೂ ಸೇರುತ್ತಾರೆ. ಮೆಣಸಿನಕಾಯಿ ಸಭೆ ನಡೆಸುತ್ತಾಳೆ, ಮೌನಿ ಸರದಿ ಬರೆದುಕೊಳ್ಳುತ್ತಾಳೆ. “ಇದು ತರಗತಿ ಅಲ್ಲ ಮಿಸ್, ಟ್ಯಾಂಕು. ಸುತ್ತೋಲೇಲಿ ಟ್ಯಾಂಕು ಅಂತ ಎಲ್ಲೂ ಇಲ್ಲ” ಅಂದಳು ಮೆಣಸಿನಕಾಯಿ. ನಾನು ಹೇಳಿಕೊಟ್ಟದ್ದಲ್ಲ. ಬೇಡ ಅಂತಲೂ ಹೇಳಲಿಲ್ಲ.

ತಂಗಿ


ಆಗಸ್ಟ್ 7

ಅಕ್ಕ! ಅಕ್ಕ! ಕುಳಿತುಕೊಂಡು ಓದು.

ನಿನ್ನೆ ವಿಚಾರಣೆ ಚಿತ್ರಕಲೆಯ ಕೋಣೆಯಲ್ಲಿ ನಡೆಯಿತು. ವಿಚಾರಣಾಧಿಕಾರಿ ನಿವೃತ್ತಿಗೆ ಹತ್ತಿರ ಬಂದ ಮನುಷ್ಯ. ಮಾತು ಕಡಮೆ, ಕಣ್ಣು ಚುರುಕು. ಒಂದು ಕಡೆ ನಾನು, ಇನ್ನೊಂದು ಕಡೆ ಹೆಡ್‌ಮಾಸ್ಟರು, ಎದುರಿಗೆ ಮೆಣಸಿನಕಾಯಿಯ ಅಪ್ಪ, ಕಾರ್ಖಾನೆಯ ನೀಲಿ ಅಂಗಿಯಲ್ಲೇ ಬಂದಿದ್ದರು. ನೋಟಿಸಿಗೆ ಬರೆದ ಉತ್ತರವನ್ನು ಮೇಜಿನ ಮೇಲಿಟ್ಟೆ.

ಅಧಿಕಾರಿ ನನ್ನ ಉತ್ತರ ಓದಿದರು. ದೂರು ಓದಿದರು. ಆಮೇಲೆ “ದೊಡ್ಡವರನ್ನ ಕೇಳಿ ಏನು ಬಂತು? ಮಕ್ಕಳನ್ನ ಕರೀರಿ” ಅಂದರು. ನಲವತ್ತೊಂದು ಜನರೂ ಬಂದು ಗೋಡೆಗೆ ಒತ್ತಿಕೊಂಡು ನಿಂತರು. ಅಧಿಕಾರಿ ಎಲ್ಲರಿಗೂ ಒಂದೊಂದು ಚೀಟಿ ಹಂಚಿಸಿದರು. “ಹೆಸರು ಬೇಡ. ಒಂದೇ ಪ್ರಶ್ನೆ. ಈ ಮಸೂದೆ ವಿಷಯದಲ್ಲಿ ನಿಮ್ಮ ಮಿಸ್ ಯಾವ ಕಡೆ? ಬರೆದು ಮಡಿಸಿ ಕೊಡಿ.”

ಅವರೇ ಒಂದೊಂದಾಗಿ ಬಿಚ್ಚಿ ಮೇಜಿನ ಮೇಲೆ ಗುಡ್ಡೆ ಮಾಡಿದರು. ‘ಮಿಸ್ ಮಸೂದೆ ಪರ’ ಹತ್ತೊಂಬತ್ತು. ‘ಮಿಸ್ ವಿರೋಧ’ ಇಪ್ಪತ್ತು. ಒಂದು ಚೀಟಿ ‘ಗೊತ್ತಿಲ್ಲ’. ಕೊನೆಯದರಲ್ಲಿ ‘ಮಿಸ್‌ಗೂ ಗೊತ್ತಿಲ್ಲ ಅನ್ಸುತ್ತೆ’!

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ನಗು ತಡೆದುಕೊಳ್ಳಲು ಅಂತ ಆಮೇಲೆ ಗೊತ್ತಾಯಿತು. “ಎರಡು ತಿಂಗಳಿಂದ ತಲೆ ಕೆಡಿಸ್ತಿದಾರೆ ಅಂತೀರಿ. ಯಾವ ಕಡೆಗೆ ಕೆಡಿಸಿದಾರೆ ಹೇಳಿ, ಬರ್ಕೋತೀನಿ” ಅಂದರು ಮೆಣಸಿನಕಾಯಿಯ ಅಪ್ಪನಿಗೆ.

ಅವರು ಸುಲಭಕ್ಕೆ ಸೋಲುವ ಆಸಾಮಿ ಅಲ್ಲ. “ಸಾರ್, ಚೀಟಿ ಆಟ ಬೇಡ. ನಮ್ಮ ಕಷ್ಟ ಈ ಮಕ್ಕಳಿಗೆ ಏನು ಗೊತ್ತು? ನಮ್ಮ ಮಾತನ್ನ ಈ ಕ್ಲಾಸಲ್ಲಿ ಯಾರಾದ್ರೂ ಒಬ್ಬರು ನೆಟ್ಟಗೆ ಹೇಳ್ಲಿ ನೋಡೋಣ!” ಅಂದರು.

ಮೆಣಸಿನಕಾಯಿ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಒಂದು ಕೈ ಮೇಲೆದ್ದಿತು. ಮೌನಿ.

“ನಾನು ಹೇಳ್ತೀನಿ ಅಂಕಲ್. ನಿಮಗೆ ನಮ್ಮಪ್ಪನ ಮೇಲೆ ಕೋಪ ಇಲ್ಲ. ನಿಮ್ಮ ಜೊತೆ ಹದಿನೆಂಟು ವರ್ಷ ದುಡಿದವರನ್ನ ಕಂಪನಿ ತೆಗೀತು. ಅದೇ ಮಿಷನ್ ಮುಂದೆ ಕಡಿಮೆ ಸಂಬಳಕ್ಕೆ ನಮ್ಮಪ್ಪನ್ನ ನಿಲ್ಲಿಸ್ತು. ತೆಗೆದವರು ಈಗಲೂ ಶಿಫ್ಟ್ ಬಿಡೋ ಹೊತ್ತಿಗೆ ಗೇಟಿನ ಹತ್ರ ಬಂದು ನಿಂತ್ಕೋತಾರೆ. ಯಾಕಪ್ಪಾ ಅಂದ್ರೆ, ಸೈರನ್ ಕೇಳೋಕೆ ಅಂತಾರೆ. ಅವರ ಪರ ಮಾತಾಡೋಕೆ ನಿಮ್ಮ ಬಿಟ್ಟು ಬೇರೆ ಯಾರೂ ಇಲ್ಲ. ಅದಕ್ಕೇ ಕಾನೂನು ಬೇಕು ಅಂತೀರಿ. ಸರಿ ಹೇಳಿದ್ನಾ?”

ಆ ಮನುಷ್ಯ ಮೌನಿಯ ಕಡೆ ಪೂರ್ತಿ ತಿರುಗಿದರು. “ಹೌದು. ನಾನು ಹೇಳೋದು ಇದೇ” ಅಂದರು. ನಿಯಮ ಅವರಿಗೆ ಯಾರೂ ಹೇಳಿರಲಿಲ್ಲ, ಅಕ್ಕ. ತಾವಾಗಿಯೇ ಅಂದರು. “ಸೈರನ್ ವಿಷಯ ನಿಂಗೆ ಯಾರು ಹೇಳಿದ್ರಮ್ಮ?”

“ನಿಮ್ಮ ಮಗಳು. ಟ್ಯಾಂಕಿನ ಹತ್ರ. ಈಗ ನನ್ನ ಸರದಿ ಅಂಕಲ್. ನಮ್ಮಪ್ಪ ಊರು ಬಿಟ್ಟಿದ್ದೂ ಹಿಂಗೇ ಕೆಲಸದಿಂದ ತೆಗೆದ ಮೇಲೇನೇ. ಅಲ್ಲೂ ಒಂದು ಸೈರನ್ ಇತ್ತು. ಈ ಕಾನೂನು ಬಂದ್ರೆ ನಮಗೆ ಮೂರನೇ ಸೈರನ್ ಹುಡುಕ್ಬೇಕು.”

ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೊನೆಯವರೆಗೂ ಕೇಳಿದರು. ನಡುವೆ ಒಂದು ಸಲವೂ ಬಾಯಿ ಹಾಕಲಿಲ್ಲ. ಆಮೇಲೆ ಎದ್ದು ಅಧಿಕಾರಿಗೆ, “ಮಸೂದೆ ವಿಷಯದಲ್ಲಿ ನಾನು ಒಂದು ಇಂಚೂ ಕದಲಲ್ಲ ಸಾರ್. ಆದ್ರೆ ಆ ದೂರು ವಾಪಸ್ ಕೊಟ್ಬಿಡಿ” ಅಂದರು. ಮೆಣಸಿನಕಾಯಿ ಅಲ್ಲೇ ಜೋರಾಗಿ ಅತ್ತುಬಿಟ್ಟಳು. ಅವಳು ಅಳುವುದನ್ನು ನಾನು ಮೊದಲ ಸಲ ನೋಡಿದ್ದು.

ಅಧಿಕಾರಿ ಹೊರಡುವಾಗ ಹೇಳಿದರು: “ನಿಮ್ಮ ಮೇಲೆ ಏನೂ ಇಲ್ಲ ಅಂತ ವರದಿ ಕೊಡ್ತೀನಿ. ಆದ್ರೆ ಸುತ್ತೋಲೆ ಸುತ್ತೋಲೇನೇ ಅಮ್ಮ. ನಾಳೆಯಿಂದ ಮತ್ತೆ ಶುರು ಮಾಡಿದ್ರೆ ನಾನೂ ಕಾಪಾಡೋಕಾಗಲ್ಲ.”

ಗೆದ್ದೆವು, ಆದರೆ ಬಾಯಿಗೆ ಇನ್ನೂ ಬೀಗ ಇದೆ. ನಿನ್ನಿಂದ ಏನೂ ಕೇಳುತ್ತಿಲ್ಲ. ನಡೆದದ್ದು ಹೇಳಿದೆ, ಅಷ್ಟೇ.

ತಂಗಿ


ಆಗಸ್ಟ್ 28

ಪುಟ್ಟಿ,

ನಿನ್ನ ಕಾಗದವನ್ನು ಊಟದ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಕುಳಿತು ಓದಿದೆ. ಹೋಗಿ ಬರುವವರು ಏನಾಯಿತು ಅಂತ ಕೇಳಿದರು. ಕಣ್ಣಿಗೆ ಧೂಳು ಅಂದೆ. ಹತ್ತೊಂಬತ್ತು ವರ್ಷದ ಧೂಳು ಅಂತ ನೀನೇ ಬರೆದಿದ್ದೆಯಲ್ಲ.

ವಿಚಾರಣೆಯ ವರದಿ ಹನ್ನೆರಡಕ್ಕೆ ನಮ್ಮ ವಿಭಾಗಕ್ಕೇ ಬಂತು. ಫೈಲು ತೆರೆದು ಟಿಪ್ಪಣಿ ಬರೆದೆ. ಮೊದಲ ಸಾಲು: ‘ಸದರಿ ಶಿಕ್ಷಕಿ ನನ್ನ ಸ್ವಂತ ತಂಗಿ, ಆದಕಾರಣ ಈ ಕಡತದ ತೀರ್ಮಾನವನ್ನು ನಿರ್ದೇಶಕರೇ ಕೈಗೊಳ್ಳಬೇಕು.’ ಎರಡನೆಯದು: ‘ಸುತ್ತೋಲೆಯ ಮೂಲ ಕರಡು ಪುಟ ಹನ್ನೊಂದರಲ್ಲಿದೆ. ತಿದ್ದಿದ ಪ್ರತಿ ತಪ್ಪೆಂದು ತಿಳಿದೂ ನಾನು ಸಹಿ ಮಾಡಿದ್ದೇನೆ. ಮೂಲ ಪದಗಳನ್ನು ಮರಳಿ ಸೇರಿಸಬಹುದು.’ ಚೀಟಿಗಳ ಲೆಕ್ಕವನ್ನೂ ಲಗತ್ತಿಸಿದೆ.

ಉಪನಿರ್ದೇಶಕರು ಕರೆದರು. “ಏನಮ್ಮಾ ಇದು, ತಂಗಿಗೋಸ್ಕರ ನನ್ನ ಮೇಲೆ ಟಿಪ್ಪಣಿನಾ?”

“ತಂಗಿ ಅಂತ ಮೊದಲನೇ ಸಾಲಲ್ಲೇ ಬರೆದಿದೀನಿ ಸಾರ್. ಟಿಪ್ಪಣಿ ನನ್ನ ಮೇಲೇ ಬರ್ಕೊಂಡಿದ್ದು.”

“ಪಟ್ಟಿ ಮುಂದಿನ ತಿಂಗಳು ಬರುತ್ತೆ, ನೆನಪಿದೆಯಾ?”

“ಇದೆ ಸಾರ್. ಅದಕ್ಕೇ ಈ ತಿಂಗಳೇ ಬರೆದೆ.”



ಎರಡು ವಾರ ಫೈಲು ಕಣ್ಣಿಗೇ ಬೀಳಲಿಲ್ಲ. ನಿನ್ನೆ ನಿರ್ದೇಶಕರು ಮೇಲಕ್ಕೆ ಕರೆಸಿದರು. ಆ ನಲವತ್ತೊಂದು ಚೀಟಿಗಳನ್ನು ವಿಚಾರಣಾಧಿಕಾರಿ ಅಸಲಿ ರೂಪದಲ್ಲೇ ಕಳಿಸಿದ್ದರು, ಮೇಜಿನ ಮೇಲೆ ಹರಡಿದ್ದವು. ನಿರ್ದೇಶಕರು ಒಂದನ್ನು ಎತ್ತಿಕೊಂಡು, “ಮಿಸ್‌ಗೂ ಗೊತ್ತಿಲ್ಲ ಅನ್ಸುತ್ತೆ” ಅಂತ ಗಟ್ಟಿಯಾಗಿ ಓದಿ, ಮನಸಾರೆ ನಕ್ಕು, ಸಹಿ ಹಾಕಿದರು. ತಿದ್ದುಪಡಿ ಸುತ್ತೋಲೆಯ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ‘ಪಕ್ಷ ವಹಿಸಿ ಬೋಧಿಸತಕ್ಕದ್ದಲ್ಲ; ಎಲ್ಲ ಪಕ್ಷಗಳ ವಾದವನ್ನೂ ವಿದ್ಯಾರ್ಥಿಗಳು ಅರಿಯುವಂತೆ ಚರ್ಚಿಸಬಹುದು.’ ಎರಡನೆಯ ಭಾಗ ಹೊಸದು. ನಾನು ಸೇರಿಸಿದ್ದು. ನಿರ್ದೇಶಕರು ಒಂದಕ್ಷರವನ್ನೂ ಹೊಡೆಯಲಿಲ್ಲ.

ಬಡ್ತಿ ಪಟ್ಟಿಯಲ್ಲಿ ಹೆಸರು ಇರುತ್ತದೋ ಇಲ್ಲವೋ, ಗೊತ್ತಿಲ್ಲ. ನಿನ್ನ ಭಾವನಿಗೆ ಹೇಳಿದೆ. “ಗೇಟು ಹತ್ತಿದವಳನ್ನೇ ನಾನು ಮದುವೆ ಆಗಿದ್ದು, ಅಧೀಕ್ಷಕಿಯನ್ನಲ್ಲ” ಅಂದರು. ಇಪ್ಪತ್ತೆರಡು ವರ್ಷಕ್ಕೆ ಒಂದು ಒಳ್ಳೆ ಮಾತಾಡಿದ್ದಾರೆ, ಬರೆದಿಟ್ಟುಕೋ.

ಅಕ್ಕ


ಅಕ್ಟೋಬರ್ 11

ಅಕ್ಕ,

ಪಟ್ಟಿಯಲ್ಲಿ ನಿನ್ನ ಹೆಸರಿರಲಿಲ್ಲ ಅಂತ ಫೋನಿನಲ್ಲಿ ಹೇಳಿದೆಯಲ್ಲ, ಅವತ್ತು ನಾವು ಅರ್ಧ ತಾಸು ಮಾತಾಡಿಯೂ ಜಗಳವಾಡಲಿಲ್ಲ. ನನಗೆ ಅಳು ಬಂದದ್ದು ಅದಕ್ಕೆ. ನೀನು ಬಡ್ತಿಗೆ ಅಂದುಕೊಂಡೆ. ಮುಂದಿನ ವರ್ಷ ಬಂದೇ ಬರುತ್ತದೆ, ಬರೆದುಕೋ. ಈಗ ನಿನ್ನೆಯ ಕಥೆ ಕೇಳು.

ಮಸೂದೆ ಮೇಲೆ ಜನಾಭಿಪ್ರಾಯ ಕೇಳಿದ್ದಾರಲ್ಲ, ಮೆಣಸಿನಕಾಯಿಯ ಅಪ್ಪ ಒಂದು ದಿನ ಸ್ಟಾಫ್‌ರೂಮಿನ ಬಾಗಿಲಲ್ಲಿ ಬಂದು ನಿಂತರು. “ಮಿಸ್, ಊರಲ್ಲಿ ಒಂದು ಸಭೆ ಮಾಡೋಣ ಅಂದ್ರೆ ಅರ್ಧ ಗಂಟೇಲಿ ಕುರ್ಚಿ ಹಾರುತ್ತೆ. ನಿಮ್ಮ ಮಕ್ಕಳು ನಡೆಸಿಕೊಟ್ರೆ ನಮ್ಮವರೂ ಬರ್ತಾರೆ, ಅವರೂ ಬರ್ತಾರೆ.” ಹೆಡ್‌ಮಾಸ್ಟರು ನಿನ್ನ ಸುತ್ತೋಲೆಯನ್ನು ಸೂಚನಾ ಫಲಕಕ್ಕೆ ಅಂಟಿಸಿ, ಭಾನುವಾರ ಮಧ್ಯಾಹ್ನಕ್ಕೆ ಶಾಲೆಯ ಸಭಾಂಗಣ ಬಿಟ್ಟುಕೊಟ್ಟರು. ಯಾರಾದರೂ ಕೇಳಿದರೆ ತೋರಿಸಲು ಇನ್ನೊಂದು ಪ್ರತಿಯನ್ನು ಜೇಬಿನಲ್ಲೂ ಇಟ್ಟುಕೊಂಡಿದ್ದರು.

ಇನ್ನೂರು ಜನ ಬಂದರು. ಒಂದು ಕಡೆ ಯೂನಿಯನ್ನು, ಇನ್ನೊಂದು ಕಡೆ ಗುತ್ತಿಗೆಯವರು, ನಡುವೆ ಮಕ್ಕಳು. ಮೊದಲ ಹತ್ತು ನಿಮಿಷ ಗದ್ದಲವೋ ಗದ್ದಲ. ಮೆಣಸಿನಕಾಯಿ ಮೇಜು ಗುದ್ದಿ, “ಸರದಿ! ಸರದಿ! ಅಪ್ಪಾ, ನಿನಗೂ ಸೇರಿಸೇ ಹೇಳ್ತಿರೋದು!” ಅಂತ ಕೂಗಿದಳು. ಇಡೀ ಸಭೆ ನಕ್ಕಿತು, ಆಮೇಲೆ ತಣ್ಣಗಾಯಿತು. ಮೌನಿ ಹೆಸರು ಕರೆಯುತ್ತಾ ಹೋದಳು. ಒಮ್ಮೆ ಯಾರೋ ನಕ್ಕಿದ್ದ ಅದೇ ಉಚ್ಚಾರಣೆಯಲ್ಲಿ, ಎರಡೂ ಕಡೆಯವರ ಹೆಸರುಗಳನ್ನು. ಬೆರಳಿನಲ್ಲಿ ಎಣಿಸುವಷ್ಟು ಜನ ಸೋತು ಕೂತರು, ಮತ್ತೆ ಎದ್ದು ಎದುರಿನವರ ಮಾತನ್ನು ಸರಿಯಾಗಿ ಹೇಳಿದರು. ಕೊನೆಗೆ ಮಸೂದೆಯ ಪರ ಒಂದು ಮನವಿ, ವಿರುದ್ಧ ಒಂದು ಮನವಿ ತಯಾರಾದವು. ಜೊತೆಗೆ ಯಾರೂ ನಿರೀಕ್ಷಿಸದ ಮೂರನೆಯದೊಂದು: ‘ಸ್ಥಳೀಯನಿರಲಿ, ಹೊರಗಿನವನಿರಲಿ, ಒಂದೇ ಮಿಷನ್ನಿಗೆ ಒಂದೇ ಸಂಬಳ.’ ಅದಕ್ಕೆ ಎರಡೂ ಕಡೆಯವರು ಸಹಿ ಹಾಕಿದರು. ಯೂನಿಯನ್ ಕಾರ್ಯದರ್ಶಿ ಮೊದಲು, ಮೌನಿಯ ಅಪ್ಪ ಎರಡನೆಯವರು.

ಐದು ಗಂಟೆಯಾಯಿತು. ಸಭಾಂಗಣಕ್ಕೆ ಬೀಗ ಹಾಕಲು ನಮ್ಮ ಅಟೆಂಡರ್ ಬಾಗಿಲಲ್ಲಿ ಬೀಗದ ಕೈಗೊಂಚಲು ಹಿಡಿದು ನಿಂತಿದ್ದರು. ಇಪ್ಪತ್ತಾರು ವರ್ಷದಿಂದ ಈ ಶಾಲೆಯಲ್ಲಿರುವ ಮನುಷ್ಯ. ‘ಆಯ್ತು ಮಿಸ್’, ‘ಬಂದೆ ಮಿಸ್’ ಇವೆರಡು ಬಿಟ್ಟು ಬೇರೆ ಮಾತನ್ನು ನಾನು ಅವರ ಬಾಯಲ್ಲಿ ಕೇಳಿಲ್ಲ. ನಾನು ಗಡಿಯಾರ ನೋಡಿ, “ಇನ್ನೇನು ಮುಗೀತು, ಎರಡೇ ನಿಮಿಷ” ಅಂದೆ.

ಅವರು ನಿಧಾನವಾಗಿ ಕೈ ಎತ್ತಿದರು. “ಮಿಸ್, ನಂದೂ ಒಂದು ಮಾತಿದೆ.”

“ಬನ್ನಿ ಅಂಕಲ್” ಅಂದಳು ಮೌನಿ, ಪಟ್ಟಿಯಲ್ಲಿ ಹೆಸರು ಬರೆದುಕೊಳ್ಳುತ್ತಾ. “ಮೊದಲು ಎದುರಿನವರ ಮಾತು ಹೇಳ್ಬೇಕು, ಗೊತ್ತಲ್ವಾ?”

“ಗೊತ್ತಮ್ಮ. ಜೂನ್‌ನಿಂದ ಕಿಟಕಿ ಆಚೆ ನಿಂತು ಕೇಳ್ತಿದೀನಿ.”

ಗೊಂಚಲನ್ನು ನನ್ನ ಕೈಗೆ ಕೊಟ್ಟು ಮುಂದಕ್ಕೆ ಹೋದರು. ಇಪ್ಪತ್ತೈದು ನಿಮಿಷ ಮಾತಾಡಿದರು ಅಕ್ಕ! ಏನಂದರು ಅಂತ ಬರೆಯಲು ಇನ್ನೊಂದು ಕಾಗದವೇ ಬೇಕು. ಇನ್ನೂರು ಜನ ಉಸಿರು ಬಿಗಿಹಿಡಿದು ಕೇಳಿದರು. ಮುಗಿದ ಮೇಲೂ ಜನ ಅವರನ್ನು ಬಿಡಲಿಲ್ಲ. ಆ ಕಡೆಯವರು ನಾಲ್ಕು ಜನ, ಈ ಕಡೆಯವರು ನಾಲ್ಕು ಜನ ಸುತ್ತುಗಟ್ಟಿ, ವಾದ ಮಾಡುತ್ತಾ, ಕೈ ಬೀಸುತ್ತಾ, ಗೇಟು ದಾಟಿ ರಸ್ತೆಯವರೆಗೂ ಕರೆದುಕೊಂಡು ಹೋದರು. ಅವರು ತಿರುಗಿಯೂ ನೋಡಲಿಲ್ಲ.

ನಿನ್ನೆ ಶಾಲೆಗೆ ಬೀಗ ಹಾಕಿದ್ದು ನಾನು.

ತಂಗಿ